ಮನೆಮನೆಯ ಕಂಪ್ಯೂಟರ್ ಎಬ್ಬಿಸುವ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ದರ್ಜಿಯಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವೆ ಒಂದು ಮೊಳದಷ್ಟು ಜಾಗವಿದೆ. ಅಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು ಕಂಪ್ಯೂಟರಿನ ಡಬ್ಬಿಗೆ ಕಿವಿಯಿಟ್ಟು ಕೇಳುತ್ತಿದ್ದಾರೆ. ಮಲಗಿದ ಮಗುವಿನ ಉಸಿರು ಕೇಳುವವರು ಹೀಗೇ ಕೂರುತ್ತಾರೆ. ಮೇಜಿನ ಮೇಲಿನ ಪರದೆ ಪೂರ್ತಿ ಕಪ್ಪು. ಎಡಮೂಲೆಯಲ್ಲಿ ಬಿಳಿ ಅಕ್ಷರದ ಒಂದೇ ಒಂದು ಇಂಗ್ಲಿಷ್ ಸಾಲು. ಎಲ್ಲಿಂದ ಶುರುಮಾಡಬೇಕೋ ತನಗೆ ತಿಳಿಯುತ್ತಿಲ್ಲ ಎಂದು ಕಂಪ್ಯೂಟರು ಹೇಳುವ ರೀತಿ ಅದು.

"ಸತ್ತಿದೆಯೋ ಬದುಕಿದೆಯೋ ಹೇಳಿಬಿಡೇ. ಸುಮ್ನೆ ಕಿವಿಯಿಟ್ಕೊಂಡು ಕೂರಬೇಡ" ಎನ್ನುತ್ತಾರೆ ದರ್ಜಿಯಮ್ಮ. ಅರವತ್ತಾರರ ಅವರು ಕತ್ತಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ನಿಂತಿದ್ದಾರೆ.

"ಒಳಗೆ ಡಿಸ್ಕ್ ತಿರುಗ್ತಾ ಇದೆ ಅಮ್ಮ. ಸದ್ದು ಸಮವಾಗಿದೆ. ಆದರೆ ಅದು ಕಂಪ್ಯೂಟರಿನ ಕಣ್ಣಿಗೆ ಬೀಳ್ತಿದೆಯೋ ಇಲ್ವೋ, ಅದನ್ನ ನೋಡಬೇಕು."

"ಬೀಳದಿದ್ರೆ?"

"ನೋಡೋಣ ಇರಿ."

ಈ 'ನೋಡೋಣ ಇರಿ' ಎಂಬ ಮಾತನ್ನು ದಿನಕ್ಕೆ ಹತ್ತು ಸಲವಾದರೂ ಹೇಳುವ ಈ ಹೆಂಗಸಿಗೆ ನಲವತ್ತನಾಲ್ಕು ವರ್ಷ. ಸುತ್ತಮುತ್ತಲ ಬೀದಿಗಳ ಮಕ್ಕಳು ಇವರನ್ನು 'ಎಬ್ಬಿಸೋ ಅಕ್ಕ' ಎಂದು ಕರೆಯುತ್ತಾರೆ. ಏಳದೆ ಮಲಗಿಬಿಟ್ಟ ಮನೆ ಕಂಪ್ಯೂಟರುಗಳನ್ನು ಎಬ್ಬಿಸುವುದು ಇವರ ಕೆಲಸ. ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದು ಒಂದು ಚೀಲ, ಒಂದು ಫೋನು, ಹಳೆಯ ಲೆಕ್ಕದ ಪುಸ್ತಕದಂಥ ದಪ್ಪ ನೋಟುಬುಕ್ಕು. ಎಷ್ಟೋ ಮನೆಗಳಲ್ಲಿ ಕಚೇರಿಗೆ, ಶಾಲೆಗೆ ಹೋಗುವವರು ಏಳುವ ಮೊದಲು ಕೆಲಸ ಮುಗಿಯಬೇಕು. ಮನೆಮಂದಿಗೆಲ್ಲ ಇರುವುದು ಒಂದೇ ಕಂಪ್ಯೂಟರ್ ಎಂದಾದರೆ, ಅದು ಪುರುಸೊತ್ತಾಗಿ ಕೈಗೆ ಸಿಗುವುದು ನಸುಕಿನಲ್ಲಿ ಮಾತ್ರ.

ಇವತ್ತಿನ ಮನೆಯಲ್ಲಿ ಅವಸರಕ್ಕೆ ಬೇರೆಯೇ ಕಾರಣವಿದೆ. ದರ್ಜಿಯಮ್ಮ ಹೊಲಿಯುವುದು ಅಂಗಡಿಯ ಬಟ್ಟೆ ಹಿಡಿಸದ ಮೈಗಳಿಗೆ. ಒಂದು ಕೈ ಗಿಡ್ಡ ಇರುವವರು, ಬೆನ್ನು ಬಾಗಿದವರು, ಗಾಲಿಕುರ್ಚಿಯಲ್ಲಿ ಕೂತೇ ದಿನ ಕಳೆಯುವವರು ಅವರ ಗಿರಾಕಿಗಳು. ಮೊನ್ನೆ ಗುರುವಾರ ಆಸ್ಪತ್ರೆಗೆ ಹೋಗಿ ಒಬ್ಬ ಹೆಂಗಸಿನ ಅಳತೆ ತೆಗೆದು ಬಂದಿದ್ದಾರೆ. ಶುಕ್ರವಾರ ಆಕೆಯ ಹೆಗಲಿನ ಶಸ್ತ್ರಚಿಕಿತ್ಸೆ ಆಗಿದೆ. ಎಡಗೈಯನ್ನು ಎದೆಗೆ ಸೇರಿಸಿ ಕಟ್ಟಿದ್ದಾರೆ. ಇವತ್ತು ಮಧ್ಯಾಹ್ನ ಮನೆಗೆ ಕಳಿಸುತ್ತಾರೆ. ಆಕೆ ಹಾಕಿಕೊಳ್ಳಬೇಕಾದ್ದು ಕೈಯೆತ್ತದೆ ತೊಡಬಹುದಾದ, ಪಕ್ಕದಲ್ಲಿ ಬಿಚ್ಚುವ ಒಂದು ಅಂಗಿ. ಹನ್ನೊಂದು ಗಂಟೆಗೆ ಆಕೆಯ ಗಂಡ ಬಂದು ಒಯ್ಯಬೇಕು. ಬಟ್ಟೆ ಇರುವುದು ಒಂದೇ ತುಂಡು, ಆಕೆಯದೇ ಹಳೆಯ ಹತ್ತಿ ಹೊದಿಕೆ. ಚರ್ಮಕ್ಕೆ ಮೆತ್ತಗಿರುತ್ತದೆ ಎಂದು ಆಕೆಯೇ ಕೊಟ್ಟದ್ದು. ಅಂದಾಜಿನಲ್ಲಿ ಕತ್ತರಿಯಾಡಿಸಿದರೆ ಇನ್ನೊಂದು ತುಂಡಿಲ್ಲ. ಅಳತೆ ಇರುವುದು ಈ ಕಂಪ್ಯೂಟರಿನಲ್ಲಿ.

"ಚೀಟಿಯಲ್ಲಿ ಬರ್ಕೊಂಡಿಲ್ವಾ ಅಮ್ಮ?" ಎಂದು ಅಕ್ಕ ಮೆಲ್ಲಗೆ ಕೇಳುತ್ತಾರೆ.

"ಚೀಟಿ ಮರೆತು ಹೋಗಿದ್ದೆ. ಕೈಮೇಲೆ ಬರ್ಕೊಂಡೆ. ಮಣಿಕಟ್ಟಿಂದ ಮೊಣಕೈವರೆಗೂ ಬರೀ ಅಂಕಿ. ಬಂದು ಟೈಪ್ ಮಾಡಿದೆ. ಆಮೇಲೆ ಪಾತ್ರೆ ತೊಳೆದೆ."

ಮೂಲೆಯ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿರುವ ಯಜಮಾನರು ತಲೆಯೆತ್ತದೆ, "ಪಾತ್ರೆ ನಾನು ತೊಳೆದಿದ್ರೆ ಇವತ್ತು ಇಷ್ಟು ಕಷ್ಟ ಇರಲಿಲ್ಲ ಅಂತ ಹೇಳ್ತಾಳೆ ಈಗ, ನೋಡ್ತಾ ಇರಿ" ಎನ್ನುತ್ತಾರೆ.

"ನಾನ್ಯಾಕೆ ಹೇಳಲಿ, ನೀವೇ ಹೇಳಿದ್ರಲ್ಲ."

ಪ್ರತಿ ಭಾನುವಾರ ಅಳತೆಗಳ ನಕಲೊಂದನ್ನು ಪೆನ್‌ಡ್ರೈವಿಗೆ ಹಾಕಿ ಗುಂಡಿಗಳ ಡಬ್ಬಿಯಲ್ಲಿ ಇಡುವ ಕ್ರಮ ಈ ಮನೆಯಲ್ಲಿದೆ. ಆ ಕ್ರಮ ಕಲಿಸಿದ್ದು ಎಬ್ಬಿಸೋ ಅಕ್ಕನೇ. ಆದರೆ ಭಾನುವಾರದ ನಕಲಿನಲ್ಲಿ ಗುರುವಾರದ ಅಳತೆ ಎಲ್ಲಿಂದ ಬರಬೇಕು?

ಅಕ್ಕ ಈ ವಿದ್ಯೆ ಕಲಿತದ್ದು ತರಗತಿಯಲ್ಲಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ರಸೀದಿ ಬರೆಯುವ ಕೆಲಸಕ್ಕೆ ಸೇರಿದರು. ಗಿರಾಕಿ ಹೇಳಿದ ದೂರನ್ನು ಚೀಟಿಯಲ್ಲಿ ಬರೆದು ಒಳಗೆ ಕೊಡುವುದು, ಒಳಗಿನವರು ಏನು ಮಾಡಿದರೆಂದು ಬರೆದು ಹೊರಗೆ ಕೊಡುವುದು, ಇಷ್ಟೇ ಕೆಲಸ. "ದೂರು ಒಂದು ಕಡೆ, ಮದ್ದು ಒಂದು ಕಡೆ ಬರೀತಾ ಬರೀತಾ ಎರಡು ವರ್ಷಕ್ಕೆ ನನಗೇ ಗೊತ್ತಾಗೋಕೆ ಶುರುವಾಯ್ತು. ಗಿರಾಕಿ ಬಾಗಿಲಲ್ಲಿ ನಿಂತು ಮಾತಾಡ್ತಾ ಇರೋವಾಗಲೇ ಇದು ಇಂಥದ್ದು ಅಂತ ಮನಸ್ಸಲ್ಲಿ ಬರ್ಕೊಂಡುಬಿಡ್ತಿದ್ದೆ" ಎನ್ನುತ್ತಾರೆ. ಅಂಗಡಿ ಮುಚ್ಚಿತು. ಅಲ್ಲಿನ ಗಿರಾಕಿಗಳ ಫೋನ್ ನಂಬರುಗಳು ಅಕ್ಕನ ಕೈಬರಹದಲ್ಲಿದ್ದವು. ಒಬ್ಬೊಬ್ಬರಾಗಿ ಇವರನ್ನೇ ಕರೆಯತೊಡಗಿದರು.

ಮೊದಮೊದಲು ಬಾಗಿಲು ತೆರೆದವರು ಅಕ್ಕನ ಹಿಂದೆ ಇನ್ನೊಬ್ಬರಿಗಾಗಿ ಇಣುಕುತ್ತಿದ್ದರಂತೆ. "ರಿಪೇರಿಯವರು ಮೆಟ್ಟಿಲು ಹತ್ತಿ ಬರ್ತಾ ಇದ್ದಾರಾ ಅಂತ ಕೇಳ್ತಿದ್ರು. ಬಂದಾಯ್ತು, ನೀರು ಕೊಡಿ ಅಂತಿದ್ದೆ." ಈಗ ಯಾರೂ ಇಣುಕುವುದಿಲ್ಲ.

ನೋಟುಬುಕ್ಕಿನಲ್ಲಿ ಈಗ ಮುನ್ನೂರ ನಲವತ್ತು ಮನೆಗಳಿವೆ. ಪ್ರತಿ ಮನೆಗೆ ಅರ್ಧ ಪುಟ. ಕಂಪ್ಯೂಟರ್ ಯಾವುದು, ಶುರುವಾಗುವ ಹೊತ್ತಿಗೆ ಯಾವ ಕೀ ಒತ್ತಿದರೆ ಅದರ ಒಳಗಿನ ಪಟ್ಟಿ ತೆರೆಯುತ್ತದೆ, ಅಲ್ಲಿ ಯಾವುದರ ನಂತರ ಯಾವುದು ಇದೆ, ಎಲ್ಲ ಬರೆದಿದೆ. ಒಂದಕ್ಕೆ ಎಫ್ ಟೂ, ಇನ್ನೊಂದಕ್ಕೆ ಎಫ್ ಟ್ವೆಲ್ವ್, ಮತ್ತೊಂದಕ್ಕೆ ಡಿಲೀಟ್. ಒತ್ತಲು ಸಿಗುವುದು ಎರಡು ಸೆಕೆಂಡು. ತಪ್ಪಿದರೆ ಮತ್ತೆ ಮೊದಲಿಂದ. ದಿನಕ್ಕೆ ನಾಲ್ಕು ಮನೆ, ಹೆಚ್ಚೆಂದರೆ ಐದು. ಲಿಫ್ಟ್ ಇಲ್ಲದ ಕಟ್ಟಡಗಳೇ ಹೆಚ್ಚು. ಅಕ್ಕನ ಮಗಳು ಒಮ್ಮೆ ಎಣಿಸಲು ಹೇಳಿದಾಗ ಒಂದೇ ದಿನ ನಾನೂರ ಹನ್ನೆರಡು ಮೆಟ್ಟಿಲಾದವು. "ಇಳಿಯೋದನ್ನ ಲೆಕ್ಕಕ್ಕೆ ಹಿಡಿದಿಲ್ಲ" ಎಂದು ಅಕ್ಕ ಸೇರಿಸುತ್ತಾರೆ.

ಮಗಳು ಕಾಲೇಜಿನಲ್ಲಿದ್ದಾಳೆ. ಅವಳೂ, ಅಕ್ಕನ ಅಮ್ಮನೂ ಸೇರಿ ಮೂವರು, ಮೂರನೇ ಮಹಡಿಯ ಎರಡು ಕೋಣೆಯಲ್ಲಿ ವಾಸ. "ನಮ್ಮಮ್ಮ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕ್ತಾಳೆ. ಆದರೆ ಯಾವ ಮನೆ ಕಂಪ್ಯೂಟರಿಗೆ ಯಾವ ಕೀ ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತಾಳೆ" ಎಂದು ಮಗಳು ನಗುತ್ತಾಳೆ.

ಕಂಪ್ಯೂಟರಿನ ಒಳಗಿನ ಆ ಪಟ್ಟಿ ಎಂದರೇನು? ಗೊತ್ತಿಲ್ಲದವರಿಗೆ ಅಕ್ಕ ಹೇಳುವ ಪರಿ ಇದು. "ಬೆಳಿಗ್ಗೆ ಎದ್ದ ಮಗು ಕಣ್ಣು ಬಿಡ್ತಿದ್ದ ಹಾಗೇ ಅಮ್ಮನ್ನ ಹುಡುಕುತ್ತೆ. ಮೊದಲು ಅಡುಗೆಮನೆಗೆ ಹೋಗುತ್ತೆ. ಅಲ್ಲಿಲ್ಲ ಅಂದ್ರೆ ಬಚ್ಚಲು. ಅಲ್ಲೂ ಇಲ್ಲ ಅಂದ್ರೆ ಹಿತ್ತಿಲು. ಕಂಪ್ಯೂಟರೂ ಹಾಗೇ. ಎದ್ದ ತಕ್ಷಣ ಅದಕ್ಕೆ ತಾನ್ಯಾರು ಅಂತಲೇ ಗೊತ್ತಿರಲ್ಲ. ಅದನ್ನ ಹೇಳಿಕೊಡೋದು ಡಿಸ್ಕಿನಲ್ಲಿರುತ್ತೆ. ಡಿಸ್ಕನ್ನ ಮೊದಲು ಹುಡುಕು, ಪೆನ್‌ಡ್ರೈವ್ ಆಮೇಲೆ ಅಂತ ಒಂದು ಸಾಲು ಬರೆದಿಟ್ಟಿರ್ತೀವಿ. ಆ ಸಾಲು ಹಿಂದುಮುಂದಾದರೆ ಅಡುಗೆಮನೆಯಲ್ಲಿ ಯಾರೋ ಗುರುತಿಲ್ಲದವರು ಕೂತಿರ್ತಾರೆ. ಮಗು ಬಾಗಿಲಲ್ಲೇ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಿಂತುಬಿಡುತ್ತೆ. ಅಮ್ಮ ಹಿತ್ತಿಲಲ್ಲೇ ಇರ್ತಾಳೆ. ಮಗುವಿಗೆ ಅಲ್ಲಿವರೆಗೆ ಹೋಗೋಕೆ ಗೊತ್ತಾಗಲ್ಲ ಅಷ್ಟೆ."

ಹೀಗೆ ಬಾಗಿಲಲ್ಲೇ ನಿಂತ ಕಂಪ್ಯೂಟರನ್ನು ಸತ್ತುಹೋಯಿತು ಎಂದುಕೊಂಡು ಗುಜರಿಗೆ ಹಾಕಿದವರನ್ನು ಅಕ್ಕ ಕಂಡಿದ್ದಾರೆ. ಮಕ್ಕಳ ಹತ್ತು ವರ್ಷದ ಫೋಟೊಗಳ ಸಮೇತ ಕೊಟ್ಟುಬಿಟ್ಟವರಿದ್ದಾರೆ. ಒಂದೇ ಒಂದು ಸಾಲನ್ನು ಮೇಲಕ್ಕೆ ಸರಿಸಿದ್ದರೆ ಸಾಕಿತ್ತು.

ಆದರೆ ಅದೇ ಸಾಲು ಒಮ್ಮೆ ಅಕ್ಕನ ಕೈಯಲ್ಲೂ ತಪ್ಪಿದೆ. ತಪ್ಪಿದ್ದು ಇದೇ ಮನೆಯಲ್ಲಿ.

ನಾಲ್ಕು ವರ್ಷದ ಹಿಂದಿನ ಮಾತು. ದರ್ಜಿಯಮ್ಮನ ಕಂಪ್ಯೂಟರ್ ತುಂಬ ನಿಧಾನವಾಗಿತ್ತು. ಹಿಂದಿನ ದಿನವಷ್ಟೇ ಬೇರೆ ಮನೆಯೊಂದಕ್ಕಾಗಿ ಅಕ್ಕ ಒಂದು ಪೆನ್‌ಡ್ರೈವ್ ತಯಾರು ಮಾಡಿದ್ದರು. ಡಿಸ್ಕನ್ನು ಪೂರ್ತಿ ಒರೆಸಿ ಎಲ್ಲವನ್ನೂ ಹೊಸದಾಗಿ ಹಾಕುವ ಪೆನ್‌ಡ್ರೈವ್ ಅದು. ತಪಾಸಣೆಯ ಸಲಕರಣೆಗಳೂ ಅದರಲ್ಲೇ ಇದ್ದವು. ತಪಾಸಣೆಗೆಂದು ಅದನ್ನು ಡಬ್ಬಿಯ ಹಿಂಬದಿಗೆ ಚುಚ್ಚಿದರು, ಪಟ್ಟಿಯಲ್ಲಿ ಅದನ್ನು ಡಿಸ್ಕಿಗಿಂತ ಮೇಲೆ ಇಟ್ಟರು, ನೋಡಿದರು, ಸರಿಮಾಡಿದರು. ಅಷ್ಟರಲ್ಲಿ ಮನೆಯಿಂದ ಫೋನು. ಅಕ್ಕನ ಅಮ್ಮ ಬಚ್ಚಲಲ್ಲಿ ಜಾರಿದ್ದರು. ಅಕ್ಕ ಚೀಲ ಎತ್ತಿಕೊಂಡು ಓಡಿದರು. ಪಟ್ಟಿ ಹಾಗೇ ಉಳಿಯಿತು. ಪೆನ್‌ಡ್ರೈವೂ ಹಿಂಬದಿಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಯಜಮಾನರು ಕಂಪ್ಯೂಟರ್ ಹಾಕಿದರು. ಅದು ಎದ್ದದ್ದು ಪೆನ್‌ಡ್ರೈವಿನಿಂದ. ಪರದೆಯ ಮೇಲೆ ಒಂದಾದ ಮೇಲೊಂದು ಪ್ರಶ್ನೆ ಬಂತು. ಎಲ್ಲಕ್ಕೂ ಅವರು 'ಹೌದು' ಎಂದೇ ಒತ್ತುತ್ತಾ ಹೋದರು. "ಇವಳ ಜತೆ ನಲವತ್ತು ವರ್ಷ ಬಾಳಿದೋನು ನಾನು. ಹೌದು ಅನ್ನೋದು ಬಿಟ್ಟು ಬೇರೆ ಒತ್ತಿ ಅಭ್ಯಾಸವೇ ಇಲ್ಲ" ಎಂದು ಅವರು ಇವತ್ತು ನಗಾಡುತ್ತಾರೆ. ಅವತ್ತು ನಗುವ ಸ್ಥಿತಿಯಿರಲಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಆರುನೂರ ಹನ್ನೊಂದು ಜನರ ಅಳತೆ ಅಳಿಸಿಹೋಯಿತು.

"ನಾನು ಬಂದು ನೋಡಿದೆ. ಪರದೆ ಹೊಸ ಮನೆ ಗೋಡೆ ಥರ ಇತ್ತು. ಸುಣ್ಣ ಬಳಿದ ಹಾಗೆ. ಈ ಅಮ್ಮ ಬೈಲೇ ಇಲ್ಲ. ಬೈದಿದ್ರೆ ಚೆನ್ನಾಗಿತ್ತು" ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. ತಪ್ಪು ಯಜಮಾನರ ಕೈಯದು ಎಂದು ಜಾರಿಕೊಳ್ಳಬಹುದಿತ್ತು. ಅಕ್ಕ ಹಾಗೆ ಮಾಡಲಿಲ್ಲ. ಮರುದಿನ ಐದೂವರೆಗೆ ಬಂದು ಬಾಗಿಲು ತಟ್ಟಿದರು. ದರ್ಜಿಯಮ್ಮ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಮತ್ತೆ ಕರೆಸಿ ಅಳೆದರು. ದಿನವೂ ನಸುಕಿನಲ್ಲಿ ಅವರು ಚೀಟಿ ನೋಡಿ ಓದುವುದು, ಅಕ್ಕ ಟೈಪ್ ಮಾಡುವುದು. ಹೀಗೆ ಐದು ತಿಂಗಳು. ಭಾನುವಾರದ ನಕಲಿನ ಕ್ರಮ ಶುರುವಾದದ್ದೂ ಆಗಲೇ.

"ಆ ನೆಪದಲ್ಲಿ ಒಂದು ಗೊತ್ತಾಯ್ತು" ಎನ್ನುತ್ತಾರೆ ದರ್ಜಿಯಮ್ಮ. "ಅಷ್ಟು ಜನರಲ್ಲಿ ಒಬ್ಬರೂ ಸಣ್ಣ ಆಗಿರಲಿಲ್ಲ."

ನಲವತ್ತಮೂರು ಜನ ಮಾತ್ರ ಮತ್ತೆ ಸಿಗಲಿಲ್ಲ. ಕೆಲವರು ಊರು ಬಿಟ್ಟಿದ್ದರು. ಕೆಲವರು ಇರಲಿಲ್ಲ. ಆ ಅಂಕಿ ಅಕ್ಕನಿಗೆ ಇವತ್ತಿಗೂ ನೆನಪಿದೆ. ಕೆಲಸ ಮುಗಿದ ಮೇಲೆ ಈ ಮನೆಯಿಂದ ಅಕ್ಕನಿಗೆ ಕರೆ ಬಂದಿರಲಿಲ್ಲ. ಎದುರು ಸಿಕ್ಕಾಗ ಮಾತಿತ್ತು, ನಗುವಿತ್ತು. ಆದರೆ ಕಂಪ್ಯೂಟರಿಗೆ ಏನಾದರೂ ಆದರೆ ದರ್ಜಿಯಮ್ಮ ದೂರದ ಅಂಗಡಿಯವರನ್ನು ಕರೆಸುತ್ತಿದ್ದರು. ನಿನ್ನೆ ಸಂಜೆ ಅಂಗಡಿಯವರು ಸೋಮವಾರ ಬರುತ್ತೇವೆ ಎಂದಾಗ, ಮೂರೂವರೆ ವರ್ಷದ ಮೇಲೆ ಅಕ್ಕನ ಫೋನಿನಲ್ಲಿ ಈ ಮನೆಯ ನಂಬರು ಮೂಡಿತು.

ಆ ತಪ್ಪಿನ ಮೇಲೆ ಅಕ್ಕ ಕೆಲಸದ ರೀತಿಯನ್ನೇ ಬದಲಿಸಿಕೊಂಡಿದ್ದಾರೆ. ತಮ್ಮ ಪೆನ್‌ಡ್ರೈವಿಗಾಗಿ ಪಟ್ಟಿಯ ಸಾಲನ್ನು ಬದಲಿಸುವುದಿಲ್ಲ. ಒಂದು ಸಲಕ್ಕೆ ಮಾತ್ರ ಬೇರೆ ಕಡೆಯಿಂದ ಏಳಿಸುವ ಕೀ ಒಂದಿರುತ್ತದೆ, ಅದನ್ನೇ ಬಳಸುತ್ತಾರೆ. "ಒಂದು ಹೊತ್ತು ಬಂದುಹೋಗೋ ನೆಂಟರಿಗೆ ಮನೆ ಬೀಗದ ಕೈ ಯಾಕೆ ಕೊಡಬೇಕು?" ಇನ್ನೊಂದು, ಕುರ್ಚಿಯಲ್ಲಿ ಅಕ್ಕ ಕೂರುವುದಿಲ್ಲ. ಕೂರಬೇಕಾದವರು ಮನೆಯವರು, ಕೀ ಒತ್ತಬೇಕಾದವರೂ ಅವರೇ. ಅಕ್ಕ ಪಕ್ಕದಲ್ಲಿ ನಿಂತು ಹೇಳುತ್ತಾರೆ. "ನಾನು ಹೋದಮೇಲೆ ಅದರ ಜತೆ ಇರೋರು ಅವರು. ಯಾವ ಬಾಗಿಲು ತೆಗೆದ್ವಿ, ಯಾವುದು ಮುಚ್ಚಿದ್ವಿ ಅಂತ ಅವರ ಕಣ್ಣಿಗೂ ಬೀಳಬೇಕು."

ಈಗ ಕುರ್ಚಿಯಲ್ಲಿ ದರ್ಜಿಯಮ್ಮ ಕೂತಿದ್ದಾರೆ. ಮುಂಬದಿಗೆ ಚುಚ್ಚಿದ್ದ ಯಜಮಾನರ ಹಾಡುಗಳ ಪೆನ್‌ಡ್ರೈವನ್ನು ಅಕ್ಕ ಮೊದಲೇ ತೆಗೆಸಿದ್ದಾರೆ. ಆದರೂ ಅದೇ ಕಪ್ಪು ಪರದೆ, ಅದೇ ಬಿಳಿ ಸಾಲು.

"ಈ ಮನೆಗೆ ಡಿಲೀಟ್ ಕೀ. ನಾನು ಸ್ವಿಚ್ ಹಾಕ್ತೀನಿ, ನೀವು ಬಾಗಿಲು ತಟ್ಟೋ ಹಾಗೆ ತಟ್ತಾ ಇರಿ."

"ಡಿಲೀಟಾ?" ದರ್ಜಿಯಮ್ಮನ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ. "ಇನ್ನೂ ಏನು ಉಳಿದಿದೆ ಅಂತ ಅಳಿಸೋದು?"

"ಈ ಹೊತ್ತಿನಲ್ಲಿ ಅದು ಏನನ್ನೂ ಅಳಿಸಲ್ಲ ಅಮ್ಮ. ಬರೀ ಬಾಗಿಲು ತೆಗೆಯುತ್ತೆ."

ದರ್ಜಿಯಮ್ಮ ಒಂದು ಗಳಿಗೆ ಅಕ್ಕನ ಮುಖ ನೋಡುತ್ತಾರೆ. ಆಮೇಲೆ ತಟ್ಟುತ್ತಾರೆ. ನೀಲಿ ಪರದೆ ತೆರೆದುಕೊಳ್ಳುತ್ತದೆ. ಅಕ್ಕನ ಕಣ್ಣು ಮೊದಲು ಹೋಗುವುದು ಮೂಲೆಯ ತಾರೀಕಿನ ಮೇಲೆ. ಅಲ್ಲಿ ಹದಿನಾಲ್ಕು ವರ್ಷ ಹಿಂದಿನ ಜನವರಿ ಒಂದು ಎಂದಿದೆ. "ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತೆ. ಅದು ತೀರಿಹೋಗಿದೆ. ಹಾಗಾಗಿ ನಾವು ಬರೆದಿಟ್ಟ ಸಾಲನ್ನ ಮರೆತು, ಹುಟ್ಟಿದ ದಿನ ಕಲಿತ ಸಾಲಿಗೆ ಹೋಗಿಬಿಟ್ಟಿದೆ."

ಪಟ್ಟಿಯಲ್ಲಿ ಮೂರು ಸಾಲುಗಳಿವೆ. ಮೊದಲು ಪೆನ್‌ಡ್ರೈವ್. ಎರಡನೆಯದು ಸಿ.ಡಿ. ಮೂರನೆಯದು ನೆಟ್‌ವರ್ಕ್. ಡಿಸ್ಕಿನ ಹೆಸರೇ ಇಲ್ಲ. ಯಜಮಾನರು ಪೇಪರ್ ಮಡಿಸಿ ಎದ್ದು ಬಂದು ಹಿಂದೆ ನಿಲ್ಲುತ್ತಾರೆ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ.

"ಕೆಳಗೆ ಇನ್ನೊಂದು ಸಾಲಿದೆ ನೋಡಿ, ಸಣ್ಣ ಅಕ್ಷರದಲ್ಲಿ. ಬಾಣದ ಕೀ ಒತ್ತಿ ಅಲ್ಲಿಗೆ ಹೋಗಿ. ಎಂಟರ್ ಒತ್ತಿ."

ಹೊಸ ಪಟ್ಟಿ ತೆರೆಯುತ್ತದೆ. ಅದರಲ್ಲಿ ಒಂದೇ ಹೆಸರು, ಡಿಸ್ಕಿನದು. ಮುಂದೆ ಆಯ್ಕೆಯ ಗುರುತಿಲ್ಲ, ಆದರೆ ಹೆಸರಿದೆ. ಅಕ್ಕ ಆ ಹೆಸರಿನ ಮೇಲೆ ಬೆರಳಿಡುತ್ತಾರೆ. "ಇಲ್ಲಿದ್ದಾಳೆ. ಹಿತ್ತಿಲಲ್ಲೇ ಇದ್ದಾಳೆ."

"ಹಾಗಾದ್ರೆ ಮೇಲೆ ಕರಿಯೇ ಅವಳನ್ನ. ನನಗೆ ಅಳತೆ ಬೇಕು."

"ಈಗಲೇ ಸಾಲು ಸರಿಮಾಡಿದ್ರೆ ಸ್ವಿಚ್ ತೆಗೆದ ತಕ್ಷಣ ಮತ್ತೆ ಮರೆಯುತ್ತೆ. ಮೊದಲು ಸೆಲ್ ಹಾಕೋಣ. ಹತ್ತು ನಿಮಿಷ ಕೊಡಿ."

"ಹತ್ತು ನಿಮಿಷ ಅಂದ್ರೆ ಒಂದು ತೋಳು ಕತ್ತರಿಸೋ ಹೊತ್ತು" ಎಂದು ಗೊಣಗಿದರೂ ದರ್ಜಿಯಮ್ಮ ಟಾರ್ಚ್ ಹಿಡಿದು ಪಕ್ಕದಲ್ಲೇ ಕೂರುತ್ತಾರೆ. ಅಕ್ಕ ಪ್ಲಗ್ ಎಳೆದು, ಡಬ್ಬಿಯ ಮಗ್ಗುಲು ಬಿಚ್ಚಿ, ದೂಳು ಒರೆಸಿ, ಹಳೆಯ ಸೆಲ್ಲನ್ನು ಉಗುರಿನಿಂದ ಮೀಟಿ ಹೊರತೆಗೆಯುತ್ತಾರೆ. ಹೊಸದು ಕೂರುವಾಗ ಟಕ್ ಎಂಬ ಸಣ್ಣ ಸದ್ದು. ಮತ್ತೆ ಸ್ವಿಚ್ಚು, ಮತ್ತೆ ಡಿಲೀಟ್. ತಾರೀಕು ಸರಿಮಾಡಿದ್ದು ದರ್ಜಿಯಮ್ಮ. ಡಿಸ್ಕಿನ ಮುಂದೆ ಗುರುತು ಹಾಕಿದ್ದು, ಮೂರು ಹೆಸರುಗಳನ್ನು ದಾಟಿಸಿ ಅದನ್ನು ಮೊದಲ ಸಾಲಿಗೆ ಏರಿಸಿದ್ದೂ ಅವರೇ.

"ಉಳಿಸಿ ಹೊರಗೆ ಹೋಗೋದಾ ಅಂತ ಕೇಳ್ತಿದೆ ಕಣೇ."

"ಓದಿದ್ರಾ? ಏನು ಕೇಳ್ತಿದೆ ಅಂತ ಅರ್ಥ ಆಯ್ತಾ?"

"ಆಯ್ತು."

"ಹಾಗಾದ್ರೆ ಹೌದು ಅನ್ನಿ."

ಕಂಪ್ಯೂಟರ್ ಏಳುತ್ತದೆ. ಅಳತೆಗಳ ಪಟ್ಟಿ ತೆರೆದು ದರ್ಜಿಯಮ್ಮ ಕೆಳಕ್ಕೆ ಸರಿಸುತ್ತಾ ಹೋಗುತ್ತಾರೆ. ಕೊನೆಯ ಸಾಲು ಏಳುನೂರ ಎರಡು. "ಬೆನ್ನಗಲ ಹದಿನಾಲ್ಕೂವರೆ. ಕೈ ಎದೆಗೆ ಸೇರಿಸಿ ಹಿಡಿದಾಗ ಎದೆಸುತ್ತು ನಲವತ್ತೆರಡು" ಎಂದು ಗಟ್ಟಿಯಾಗಿ ಓದುತ್ತಾರೆ. ಓದುತ್ತಲೇ ಎದ್ದು ಹೋಗಿ ಮೇಜಿನ ಮೇಲೆ ಹೊದಿಕೆ ಹಾಸುತ್ತಾರೆ. ಸೀಮೆಸುಣ್ಣದ ಗೆರೆ ಮೂಡುತ್ತದೆ. ಕತ್ತರಿ ಬಟ್ಟೆಯೊಳಗೆ ಹೋಗುವ ಸದ್ದು ಕೇಳಿದ ಮೇಲೆ ಅಕ್ಕ ಡಬ್ಬಿಯ ಮಗ್ಗುಲಿನ ಸ್ಕ್ರೂಗಳನ್ನು ತಿರುಗಿಸತೊಡಗುತ್ತಾರೆ.

ಏಳೂಕಾಲು. ಬಟ್ಟೆ ಕತ್ತರಿಸಿ ಆಗಿದೆ. ಅಕ್ಕನಿಗೆ ಮುಂದಿನ ಮನೆ ಎಂಟಕ್ಕೆ. ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬರುತ್ತಾರೆ.

"ಎಲ್ಲಿಗೆ ಓಡ್ತೀಯ? ಚೀಲ ಇಳಿಸು. ನೆಟ್ಟಗೆ ನಿಲ್ಲು" ಎನ್ನುತ್ತಾರೆ ದರ್ಜಿಯಮ್ಮ.

ಕತ್ತಿನಿಂದ ಅಳತೆಪಟ್ಟಿ ಇಳಿಯುತ್ತದೆ. ಅಕ್ಕನ ಹೆಗಲಿನಿಂದ ಹೆಗಲಿಗೆ, ತೋಳಿನುದ್ದಕ್ಕೆ, ಕತ್ತಿನ ಸುತ್ತ ಹರಿದಾಡುತ್ತದೆ. ಅಕ್ಕ ಕೈ ಎಲ್ಲಿಡಬೇಕೆಂದು ತಿಳಿಯದೆ ಶಾಲೆಯ ಹುಡುಗಿಯಂತೆ ನಿಲ್ಲುತ್ತಾರೆ. "ಬಲ ಹೆಗಲು ಮುಕ್ಕಾಲು ಇಂಚು ತಗ್ಗಿದೆ, ನೋಡಿಕೊಂಡಿದೀಯಾ ಯಾವತ್ತಾದ್ರೂ? ಇಷ್ಟು ವರ್ಷ ಚೀಲ ಒಂದೇ ಕಡೆ ಹಾಕ್ಕೊಂಡ್ರೆ ಇನ್ನೇನಾಗುತ್ತೆ. ಅಂಗಡಿ ಅಂಗಿ ನಿನಗೆ ಯಾವತ್ತೂ ಸರಿಯಾಗಿ ಕೂತಿರಲ್ಲ."

"ಕಾಲರ್ ಒಂದು ಕಡೆಗೆ ಎಳೆಯುತ್ತೆ" ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. "ಅಂಗಡಿಯವರು ಬಟ್ಟೆ ಹಾಗೆ ಹೊಲೀತಾರೆ ಅಂದ್ಕೊಂಡಿದ್ದೆ."

ದರ್ಜಿಯಮ್ಮ ಚೀಟಿ ಹುಡುಕುವುದಿಲ್ಲ, ಕೈಮೇಲೂ ಬರೆದುಕೊಳ್ಳುವುದಿಲ್ಲ. ನೇರ ಕಂಪ್ಯೂಟರಿನ ಮುಂದೆ ಕೂತು ಏಳುನೂರ ಎರಡರ ಕೆಳಗೆ ಹೊಸ ಸಾಲು ತೆರೆದು ಒಂದೊಂದೇ ಅಂಕಿ ಒತ್ತುತ್ತಾರೆ.

"ಹೆಸರಿನ ಜಾಗದಲ್ಲಿ ಒರೆಸಿದೋಳು ಅಂತ ಹಾಕು" ಎಂದು ಯಜಮಾನರು ಛೇಡಿಸುತ್ತಾರೆ.

"ಸುಮ್ನಿರಿ. ಒತ್ತಿದೋರು ನೀವು." ದರ್ಜಿಯಮ್ಮ ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಾರೆ, "ಅಂಗಿ ಹೇಗಿರಬೇಕು, ಹೇಳು. ಜೇಬು? ಬಣ್ಣ?"

ಇಂಥ ಪ್ರಶ್ನೆಗೆ ಉತ್ತರ ಹೇಳಿ ಅಕ್ಕನಿಗೆ ರೂಢಿಯಿಲ್ಲ.

"ಬಣ್ಣ ಯಾವುದಾದ್ರೂ ಆಗುತ್ತೆ ಅಮ್ಮ. ಹಿಂದೆ ಮಾತ್ರ ನಾಲ್ಕು ಬೆರಳು ಉದ್ದ ಇರಲಿ. ಮೇಜಿನ ಕೆಳಗೆ ಬಗ್ಗಿದಾಗ ಬೆನ್ನು ಕಾಣಬಾರದು. ಅಷ್ಟಿದ್ರೆ ಸಾಕು."